ಗಾಜಿನ ಮೇಲಿನ ಕರಿ ಚುಕ್ಕೆ

ನಮ್ಮ ಸರ್ ನೆನಪಿನ ಈ ಸಭೆಗೆ ಬಂದ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕ — ಸರ್ ಹೆಂಡತಿ — ಮತ್ತು ಅವರ ಮಗಳು, ನಿಮಗೂ ನಮಸ್ಕಾರ. ನಿರ್ದೇಶಕರೇ, ಪ್ರಯೋಗಾಲಯದ ಗೆಳೆಯರೇ, ವರ್ಕ್‌ಶಾಪಿನ ಅಣ್ಣಂದಿರೇ — ನೀವೂ ದಣಿದಿದ್ದೀರಿ, ನಾನೂ ದಣಿದಿದ್ದೇನೆ. ನಾನು ಹೊಸದಾಗಿ ಮದುವೆಯಾದವಳು. ಗಾಳಿ ಬೀಸಿದರೂ ನಗುತ್ತಾಳೆ ಎಂದು ನೀವೆಲ್ಲ ರೇಗಿಸುತ್ತಿದ್ದಿರಿ. ಆ ನಗುವನ್ನು ಈಗ ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ನಮ್ಮ ಸರ್‌ಗೆ ‘ಚುಕ್ಕೆ ಸರ್’ ಎಂದು ಹೆಸರಿಟ್ಟವರು ಯಾರು? ನಾವು ವರ್ಕ್‌ಶಾಪಿನವರ ಮೇಲೆ ಹಾಕುತ್ತೇವೆ, ಅವರು ನಮ್ಮ ಮೇಲೆ ಹಾಕುತ್ತಾರೆ. ಹೆಸರು ಬಂದದ್ದು ಒಂದು ಚುಕ್ಕೆಯಿಂದ. ಆ ಚುಕ್ಕೆಯ ಕತೆಯನ್ನು ಹೇಳಿ ಕುಳಿತುಬಿಡುತ್ತೇನೆ.

ಅಕ್ಕ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಎಂಬುದು ನಿಮಗೆ ಗೊತ್ತು. ಒಂದು ಸಂಜೆ ಮನೆಗೆ ಬಂದು ಹೇಳಿದರಂತೆ — ಪೊರೆ ತೆಗೆಸಿಕೊಂಡ ಅಜ್ಜಿಯೊಬ್ಬರಿಗೆ ಯಾವ ದೀಪ ನೋಡಿದರೂ ಬಾಲ ಕಾಣುತ್ತಿದೆ ಎಂದು. ಕಣ್ಣೊಳಗೆ ಕೂರಿಸಿದ ಪುಟ್ಟ ಲೆನ್ಸಿನ ಮೇಲೆ ಒಂದು ಗೀರು. ಕೂರಿಸುವ ಮೊದಲು ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. “ದಿನಾ ಬೆಳಕಿನ ಜೊತೆ ಗುದ್ದಾಡ್ತೀರಲ್ಲ, ಇದೊಂದು ಗೀರು ಹಿಡಿಯಕ್ಕಾಗಲ್ವಾ ನಿಮಗೆ?” ಎಂದು ಅಕ್ಕ ಕೇಳಿದರಂತೆ. ಸರ್ ಊಟ ಬಿಟ್ಟು ಎದ್ದರಂತೆ. ಮುಂದಿನ ನಮ್ಮೆಲ್ಲರ ದುಡಿಮೆ — ಆ ಅರ್ಧ ಊಟದಿಂದ ಬಂದದ್ದು.

ನಾನು ಕೆಲಸಕ್ಕೆ ಸೇರಿದ ಹೊಸತು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಸ್ಪೇಶಿಯಲ್ ಫಿಲ್ಟರ್ ಎಂದರೇನು ಎಂದು ಸರ್ ಕೇಳಿದರು. ಗಡಗಡ ಒಪ್ಪಿಸಿದೆ. “ಇಂಗ್ಲಿಷಲ್ಲಿ ಹೇಳಿದ್ರೆ ನಿನಗೆ ಅರ್ಥ ಆಗಿದೆ ಅಂತ ನೀನೇ ನಂಬಿಬಿಡ್ತೀಯ ತಾಯಿ. ನಿಮ್ಮಮ್ಮನಿಗೆ ಹೇಳೋ ಹಾಗೆ ಹೇಳು, ನೋಡೋಣ,” ಎಂದರು. ಅವತ್ತು ನನ್ನಿಂದ ಆಗಲಿಲ್ಲ.

ಇವತ್ತು ಹೇಳುತ್ತೇನೆ ಸರ್. ಇಲ್ಲಿ — ನನ್ನ ಕೈ ನೋಡಿ — ಪರೀಕ್ಷಿಸಬೇಕಾದ ಪುಟ್ಟ ಲೆನ್ಸ್. ಹಿಂದಿನಿಂದ ಲೇಸರ್ ಬೆಳಕು. ಅದನ್ನು ದಾಟಿದ ಬೆಳಕನ್ನು ಮುಂದೆ ಇಟ್ಟ ದೊಡ್ಡ ಲೆನ್ಸು ಒಂದೇ ಬಿಂದುವಿಗೆ ತಂದು ಕೂಡಿಸುತ್ತದೆ. ತಂಟೆಯಿಲ್ಲದೆ ಬಂದ ಬೆಳಕೆಲ್ಲ ಆ ಬಿಂದುವಿಗೇ ಹೋಗುತ್ತದೆ. ಗೀರಿಗೆ ತಾಗಿದ ಬೆಳಕು ಮಾತ್ರ ವಾಲಿ, ಬದಿಗೆ ಬೀಳುತ್ತದೆ. ಸರಿಯಾಗಿ ಆ ಬಿಂದುವಿನ ಜಾಗದಲ್ಲಿ ಸರ್ ಒಂದು ಗಾಜಿನ ತುಂಡು ನಿಲ್ಲಿಸಿ, ಅದರ ನಡುವೆ ಕರಿ ಬಣ್ಣದ ಒಂದು ಚುಕ್ಕೆ ಇಟ್ಟರು. ನೇರ ಬೆಳಕು ಅಲ್ಲೇ ನಿಂತಿತು. ವಾಲಿದ್ದು ದಾಟಿತು. ಪರದೆಯೆಲ್ಲ ಕತ್ತಲು — ಆ ಕತ್ತಲಿನಲ್ಲಿ ಗೀರೊಂದೇ ಹೊಳೆಯುತ್ತದೆ.

ನನ್ನ ಮದುವೆಗೆ ಬಂದಾಗ ಸರ್ ನನ್ನ ಕಿವಿಯಲ್ಲಿ ಹೇಳಿದ್ದೂ ಇದನ್ನೇ. “ಗಂಡನ ಮೇಲೆ ಮಾತ್ರ ಈ ಫಿಲ್ಟರ್ ಹಾಕ್ಬೇಡ ತಾಯಿ. ಬರೀ ಗೀರೇ ಕಾಣತ್ತೆ.” ನಮ್ಮವರು ಇಲ್ಲೇ ಹಿಂದೆ ನಿಂತಿದ್ದಾರೆ. ಸರ್ ಮಾತು ಮೀರಿಲ್ಲ — ಇನ್ನೂ.

ಹೇಳುವುದು ಸುಲಭ. ಚುಕ್ಕೆ ಚಿಕ್ಕದಾದರೆ ಬೆಳಕು ಅಂಚಿನಿಂದ ಸೋರಿ ಪರದೆಯೆಲ್ಲ ಮಂಜು. ದೊಡ್ಡದಾದರೆ ಗೀರನ್ನೂ ನುಂಗಿಬಿಡುತ್ತದೆ. ಇಡು, ನೋಡು, ಒರೆಸು, ಮತ್ತೆ ಇಡು. ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಕಣ್ಣು ಉರಿಯುತ್ತಿತ್ತು. ಬೇರೆ ವಿಭಾಗದವರು ಬಾಗಿಲಲ್ಲಿ ನಿಂತು “ಇನ್ನೂ ಅದೇ ಚುಕ್ಕೇನಾ?” ಎನ್ನುತ್ತಿದ್ದರು. ಪ್ರಯೋಗಾಲಯದ ಧೂಳಿನಲ್ಲಿ ಬಣ್ಣ ಒಣಗಿದರೆ ಕೆಡುತ್ತದೆ ಎಂದು ಸರ್ ಗಾಜನ್ನು ಮನೆಗೆ ಒಯ್ದು ಅಡಿಗೆಮನೆಯ ಕಿಟಕಿಯಲ್ಲಿ ಒಣಗಿಸುತ್ತಿದ್ದರು. ಹಾಗೆ ಒಮ್ಮೆ, ಅಂತೂ ಸರಿಯಾಗಿ ಕೂತ ಚುಕ್ಕೆಯನ್ನು — ಅಕ್ಕ, ಕ್ಷಮಿಸಿ, ಹೇಳಿಬಿಡುತ್ತೇನೆ — ಅಕ್ಕ ಪಾತ್ರೆಗಳ ಜೊತೆ ಹಾಕಿ ತೊಳೆದುಬಿಟ್ಟರು. ಸರ್ ತಲೆಯ ಮೇಲೆ ಕೈಹೊತ್ತು ಕುಳಿತರೆ ಅಕ್ಕ ಅವರನ್ನೇ ಗದರಿದರಂತೆ. “ಎಂಥಾ ಹಠಮಾರಿ ಕಲೆ ರೀ ಅದು, ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು.” ಮರುದಿನ ಇದನ್ನು ಹೇಳುತ್ತ ಸರ್ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಮತ್ತೆ ಮೊದಲಿನಿಂದ ಶುರು.

ಈಗ ನಿಮಗೆಲ್ಲ ಗೊತ್ತಿರುವ ಸಂಗತಿ. ಸೋಮವಾರ ಲೆನ್ಸ್ ಕಾರ್ಖಾನೆಯವರು ಬರುತ್ತಾರೆ. ಗೀರು ಕಂಡರೆ ಕೆಲಸ ಮುಂದುವರಿಯುತ್ತದೆ. ಕಾಣದಿದ್ದರೆ ಸರ್ ಲೇಸರ್, ಲೆನ್ಸುಗಳನ್ನೆಲ್ಲ ಜೋಡಿಸಿದ ಆ ಮೇಜನ್ನು ಬಿಚ್ಚಿ, ಕೋಣೆಯನ್ನು ಬೇರೆಯವರಿಗೆ ಕೊಡುತ್ತಾರೆ. ನಿರ್ದೇಶಕರನ್ನು ನಾನು ದೂರುವುದಿಲ್ಲ, ಅವರೂ ಕಾದು ಕಾದು ಸಾಕಾದವರು. ಕೊನೆಯ ದಿನ ಸರ್ ಹೊಸ ಚುಕ್ಕೆ ಹಾಕಿ, ಪರದೆ ನೋಡಿ, ನನ್ನ ತಲೆಯ ಮೇಲೊಂದು ಮೊಟಕಿದರು. ಅಷ್ಟೆಂದರೆ ಸರಿಯಾಗಿದೆ ಎಂದರ್ಥ. ಗಟ್ಟಿಯಾಗಿ ಒಣಗಲಿ ಎಂದು ಎಂದಿನಂತೆ ಮನೆಗೆ ಒಯ್ದರು. ಆ ಸಂಜೆಯೇ ಎದೆನೋವು.

ಆಮೇಲೆ ನಾವು ಹೊಸ ಚುಕ್ಕೆ ಹಾಕಲು ಕುಳಿತೆವು. ಮಂಜು, ಇಲ್ಲವೇ ಬರೀ ಕತ್ತಲು. ಆ ಗಾಜು ಅಕ್ಕನ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ಸಾವಿನ ಮನೆಗೆ ಹೋಗಿ, ಒಂದು ಗಾಜಿನ ತುಂಡು ಕೊಡಿ ಎಂದು ಯಾವ ಬಾಯಿಂದ ಕೇಳುವುದು? “ನೀನು ಹೋಗು,” “ನೀವೇ ಹೋಗಿ.” ಯಾರೂ ಹೋಗಲಿಲ್ಲ. ಬಂದ ನೆಂಟರೆಲ್ಲ ಸೇರಿ ಮನೆ ತೊಳೆದಿರುತ್ತಾರೆ, ಅದೂ ಹೋಗಿರುತ್ತದೆ ಎಂದು ನಾವೇ ಕೈಬಿಟ್ಟೆವು.

ಈಗ, ಸಭೆ ಶುರುವಾಗುವ ಮೊದಲು, ಈ ಬಾಗಿಲಲ್ಲಿ ಅಕ್ಕ ನನ್ನ ಕೈಗೆ ಒಂದು ಬಿಸ್ಕತ್ ಡಬ್ಬಿ ಇಟ್ಟರು. ಒಳಗೆ ಹತ್ತಿ. ಹತ್ತಿಯೊಳಗೆ ಗಾಜು. ಹೀಗೆ ಕಿಟಕಿಯತ್ತ ಹಿಡಿದು ನೋಡಿದೆ — ಚುಕ್ಕೆ ಇದೆ. “ಯಾರಿಗೂ ಮುಟ್ಟಕ್ಕೆ ಬಿಟ್ಟಿಲ್ಲ ಕಣಮ್ಮ,” ಎಂದರು ಅಕ್ಕ. “ಈ ಸಲ ತೊಳೆದಿಲ್ಲ.”

ಸೋಮವಾರ ಇದನ್ನೇ ಕೂರಿಸುತ್ತೇವೆ. ಸರ್ ಕೈ ಇಲ್ಲದೆ ಅದು ಸರಿಯಾದ ಜಾಗದಲ್ಲಿ ಕೂರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಸುಳ್ಳು ಧೈರ್ಯ ಹೇಳಲಾರೆ. ಅಕ್ಕ, ನೀವೂ ಬನ್ನಿ. ಪರದೆಯ ಮುಂದಿನ ಕುರ್ಚಿ ನಿಮ್ಮದು. ಗೀರು ಹೊಳೆದರೆ ಮೊದಲು ನೀವು ನೋಡಬೇಕು. ಗೀರು ಹಿಡಿಯಕ್ಕಾಗಲ್ವಾ ಎಂದು ಕೇಳಿದವರು ನೀವು.

ಇನ್ನೊಂದೇ ಮಾತು. ಲೇಸರ್ ಹಚ್ಚುವ ಮೊದಲು ಸರ್ ಪ್ರತಿಸಲ ಒಂದು ಪದ ಕೂಗುತ್ತಿದ್ದರು. ಲೇಸರ್ ಯಾರ ಕಣ್ಣಿಗೂ ಬೀಳದಿರಲಿ ಎಂದು, ಅದನ್ನು ಕೇಳಿದ ಕೂಡಲೇ ಯಾರು ಏನು ಮಾಡುತ್ತಿದ್ದರೂ ಬಿಟ್ಟು, ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಲ್ಲಬೇಕು. ಬೆಳಕು ನೆಲೆಯಾಗಿ ನಿಂತಿತು ಎಂದು ಅವರು ಹೇಳುವವರೆಗೆ ಆ ಕೋಣೆಯಲ್ಲಿ ಉಸಿರಿನ ಸದ್ದೊಂದೇ. ಅಷ್ಟು ಜನ ಅಷ್ಟು ನಂಬಿಕೆಯಿಂದ ಒಬ್ಬರ ಮಾತಿಗೆ ಕಣ್ಣು ಮುಚ್ಚಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅಕ್ಕ, ನೀವು ಕುಳಿತೇ ಇರಿ. ಆ ಪದವನ್ನು ಇವತ್ತು ನಾನು ಹೇಳುತ್ತೇನೆ. ಸಾಕು ಎನ್ನಲು ಈ ಸಲ ಅವರಿಲ್ಲ — ನಮಗೆ ನಾವೇ ಸಾಕೆನ್ನಿಸುವವರೆಗೆ ಹಾಗೇ ನಿಲ್ಲೋಣ.

ಕಣ್ಣು.