ಆರ್ಗನ್ ಪಕ್ಕದ ಕೆಮ್ಮು

ಮೆಟ್ರೋ ಇನ್ನೂ ಹೊಸದಾಗಿದ್ದ ಒಂದು ಚಳಿಗಾಲ. ಫರೀದಾಬಾದಿನಿಂದ ದಿಲ್ಲಿಗೆ ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ ಕನ್ನಡ ಕೇಳಿಸಿ ಗುಮಾಸ್ತೆ ಮಹಾದೇವಿಯ ಕಿವಿ ನೆಟ್ಟಗಾಯಿತು. ತಿರುಗಿ ನೋಡಿದರೆ ಕೋಟು ತೊಟ್ಟ, ಕಣ್ಣು ಕಾಣದ ಮುದುಕರು. ಪಕ್ಕದಲ್ಲಿ ಅವರ ಹೆಂಡತಿ.

“ರೀ, ಚರ್ಚಲ್ಲಿ ನೀವು ನುಡಿಸೋ ಆರ್ಗನ್ ಹತ್ತಿರ ನಾನು ನಿಲ್ಲೋದು ಇವತ್ತಿನ ಮದುವೆಗೇ ಕೊನೆ. ಆ ಮೆಟ್ಟಿಲು ನನ್ನ ಮಂಡಿಗೆ ಆಗಲ್ಲ. ಮದುಮಗಳು ಬಾಗಿಲಿಗೆ ಬಂದ್ಲು ಅಂತ ನಿಮಗೆ ಗೊತ್ತಾಗೋ ಹಾಗೆ ಕೆಮ್ಮೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

“ನಿನ್ನ ಥರ ಕೆಮ್ಮೋರು ಎಲ್ಲಿ ಸಿಗ್ತಾರೆ, ಸುಗುಣಾ?”

“ಹೋದ ಜನವರೀಲಿ ಯಾರೋ ಕೆಮ್ಮಿದ್ದಕ್ಕೇ ನುಡಿಸೋಕೆ ಶುರು ಹಚ್ಕೊಂಡ್ರಿ. ಮದುಮಗಳ ಬದಲು ಕ್ಯಾಮೆರಾ ಭಯ್ಯಾ ನಡ್ಕೊಂಡು ಬಂದ!”

“ಅದು ಬೇಕಂತಲೇ ಮಾಡಿದ್ದು. ಆಗಲೂ ನೀನು ಬರಲ್ಲ ಅಂತಿದ್ದೆ, ನಿನ್ನ ಕೆಮ್ಮಿಲ್ದೆ ನಂಗಾಗಲ್ಲ ಅಂತ ನಿಂಗನ್ನಿಸಲಿ ಅಂತ.”

“ಏನಂದ್ರಿ?”

“ಮದುಮಗಳು ಬಂದ್ರೆ ಇಡೀ ಚರ್ಚು ಹಿಂದಕ್ಕೆ ತಿರುಗುತ್ತೆ, ಬೆಂಚೆಲ್ಲ ಕಿರ್ ಅನ್ನುತ್ತೆ. ನಂಗ್ಯಾಕೆ ಕೆಮ್ಮು?”

“ಮತ್ತೆ ಇಪ್ಪತ್ತೆಂಟು ವರ್ಷ ನನ್ನ ಕೈಲಿ ಕೆಮ್ಮಿಸಿದ್ದು?”

“ನೀನು ಪಕ್ಕದಲ್ಲಿ ನಿಂತಿರ್ಲಿ ಅಂತ.”

ಸುಗುಣಾ ಕಿಟಕಿಯ ಕಡೆ ಮುಖ ತಿರುಗಿಸಿದರು. ಸ್ಟಾಪು ಬಂದಾಗ ಎದ್ದು, ಒಮ್ಮೆ ಕೆಮ್ಮಿದರು. ಮುದುಕರು ತಟ್ಟನೆ ಎದ್ದು ನಿಂತರು.

“ಚಲೋ, ಇಳಿಯೋಣ. ಇನ್ಮೇಲೆ ಪ್ರತಿ ಮದುವೇಲೂ ಮೆಟ್ಟಿಲು ಹತ್ತೋವಾಗ ನನ್ನ ಕೈ ನೀವು ಹಿಡ್ಕೋಬೇಕು,” ಎನ್ನುತ್ತ ಅವರನ್ನು ಇಳಿಸಿಕೊಂಡು ಹೋದರು.