ಎಡಕ್ಕೆ ವಾಲಿದ ಗೆರೆ

ಬಾವಿಯ ಹತ್ತಿರ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಕೋಡ್ಲಾದಿಂದ ಬರುವ ಕಾರ್ಖಾನೆ ಬಸ್ಸು ಸಿದ್ದಲಿಂಗೇಶನನ್ನು ಸೇಡಂ ಹೊರಗಿನ ತಿರುವಿನಲ್ಲಿ ಇಳಿಸಿ ಹೋಗಿತ್ತು. ಅಲ್ಲಿಂದ ಮನೆಗೆ ಕಾಲುದಾರಿ. ನಡುವೆ ಫರಸಿ ಕಲ್ಲಿನ ಹಳೆಯ ಬಾವಿ, ಅದರ ಮೇಲೆ ಬಾಗಿದ ಬೇವಿನ ಮರ.

ಅವನು ಗಕ್ಕನೆ ನಿಂತ.

ಖರ್… ಖರ್… ಖರ್…

ಕಬ್ಬಿಣದ ಮೇಲೆ ಕಾನಸು, ಅದೇ ಅರ, ಉಜ್ಜುವ ಸಪ್ಪಳ. ಮೂರು ಸಲ ಉಜ್ಜಿದ ಮೇಲೆ ಒಂದು ಸಣ್ಣ ಟಣ್. ಅದರ ಹಲ್ಲಿಗೆ ಸಿಕ್ಕ ಪುಡಿ ಉದುರಲೆಂದು ಕಾನಸನ್ನು, ಸಾಮಾನು ಕಚ್ಚಿ ಹಿಡಿಯುವ ವೈಸಿಗೆ ಬಡಿದರೆ ಬರುತ್ತದಲ್ಲ, ಅದೇ ಸಪ್ಪಳ. ಬಾವಿಯೊಳಗಿಂದ ಬರುತ್ತಿತ್ತು.

ಮೊಬೈಲಿನ ಬೆಳಕು ಬಿಟ್ಟು ನೋಡಿದ. ನೀರು ಅಲುಗಾಡಿರಲಿಲ್ಲ. ಸಪ್ಪಳವೂ ನಿಂತಿತ್ತು…

ಈ ಸಿದ್ದಲಿಂಗೇಶ ನನ್ನ ದೊಡ್ಡಪ್ಪನ ಮಗ. ಬಿಎಸ್ಸಿ ಓದಿದವನು, ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಕಣ್ಣಿಗೆ ಕಂಡದ್ದನ್ನೂ ಎರಡು ಸಲ ಅಳೆದು ನಂಬುವವನು. ಆ ರಾತ್ರಿ ಅವನಿಗೆ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ಆ ವಾರ ಕಾನಸಿನ ಸಪ್ಪಳ ಕೇಳಿದರೇ ಅವನ ಮೈ ಉರಿಯುತ್ತಿತ್ತು.

ಕಾರಣ ಒಂದು ಗಾಡಿ. ಓಣಿಯ ಕೊನೆಮನೆಯ ಅಬ್ದುಲ್ ಕರೀಮ್ ಫಿಟ್ಟರ್ ಆಗಿದ್ದವರು. ತೀರಿಹೋಗಿ ಮೂರು ವರ್ಷ ಆಗಿತ್ತು. ಅವರ ಹಳೆಯ ಮೋಟಾರುಸೈಕಲ್ಲು ಅಂದಿನಿಂದ ಗೋಡೆಗೆ ಒರಗಿಕೊಂಡೇ ಇತ್ತು. ಸಿದ್ದಲಿಂಗೇಶನಿಗೆ ಹಳೆಯ ಗಾಡಿ ಬಿಚ್ಚುವ ಹುಚ್ಚು. ಮನೆ ಹಿಂದೆ ತಗಡಿನ ಶೆಡ್ಡು, ಒಂದು ವೈಸು, ನಾಲ್ಕು ಕಾನಸು ಇಟ್ಟುಕೊಂಡಿದ್ದ. ಕರೀಮರ ಹೆಂಡತಿ ಅಖ್ತರ ಬೇಗಂ ಅವನನ್ನು ಕರೆದು ಹೇಳಿದ್ದರು.

"ಗಾಡಿ ಒಯ್ಯಿ ಬೇಟಾ. ರೊಕ್ಕ ಬ್ಯಾಡ. ಮಗಳು ನನ್ನ ತಾಂಡೂರಿಗೆ ಕರಕೊಂಡು ಹೊಂಟಾಳ. ಹೋಗೂದ್ರೊಳಗ ಒಮ್ಮಿ ಅದರ ಸಪ್ಪಳ ಕೇಳಸು. ಅಷ್ಟೇ."

ಅವನು ಮಾತು ಕೊಟ್ಟಿದ್ದ. ರೈಲು ಭಾನುವಾರ ಬೆಳಗಿನ ಜಾವ.

ಇಂಜಿನ್ನೆಲ್ಲ ತಿಕ್ಕಿ ತೊಳೆದು ಜೋಡಿಸಿಯೂ ಆಯಿತು. ಉಳಿದದ್ದು ಒಂದೇ ಸಾಮಾನು. ಕಿಡಿ ಹುಟ್ಟಿಸುವ ಚಕ್ರವನ್ನು ಇಂಜಿನ್ನಿನ ದಂಡಕ್ಕೆ ಹಿಡಿದಿಡುವ ಉಕ್ಕಿನ ಸಣ್ಣ ತುಂಡು. ಅರ್ಧಚಂದ್ರದ ಆಕಾರ, ಉಗುರಿನಷ್ಟು. ಗ್ಯಾರೇಜಿನವರು ಅದಕ್ಕೆ ಕೀ ಎನ್ನುತ್ತಾರೆ. ಅದು ಸರಿಯಾಗಿ ಕೂತರೆ ಕಿಡಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಗಾಡಿ ತಿರುಗಿ ಒದೆಯುತ್ತದೆ. ಹಳೆಯದು ಎಲ್ಲೋ ಕಳೆದುಹೋಗಿತ್ತು. ವಾಡಿ, ಶಹಾಬಾದ, ಚಿತ್ತಾಪುರ, ಎಲ್ಲಿಯೂ ಹೊಸದು ಸಿಗಲಿಲ್ಲ. ಗ್ಯಾರೇಜಿನ ಬಂದೇನವಾಜ್ ನಕ್ಕುಬಿಟ್ಟ.

"ಅದು ಕರೀಮ್ ಚಾಚಾನ ಗಾಡಿ. ಅವರ ಹೊರ್ತು ಯಾರ ಮಾತೂ ಕೇಳಂಗಿಲ್ಲ. ಗುಜರಿಗಿ ಹಾಕ್ರಿ, ಬಿಎಸ್ಸಿ ಸಾಬ್."

ಸಿದ್ದಲಿಂಗೇಶ ತಾನೇ ಮಾಡುತ್ತೇನೆಂದು ಕೂತ. ಒಳ್ಳೆಯ ಉಕ್ಕು ಸಿಕ್ಕದ್ದು ಮೂರು ತುಂಡಿಗಾಗುವಷ್ಟು ಮಾತ್ರ. ಬುಧವಾರ ರಾತ್ರಿ ಕೆಲಸದಿಂದ ಬಂದು ಎರಡು ಗಂಟೆಯವರೆಗೆ ಉಜ್ಜಿದ. ಬೆರಳ ಗೆಣ್ಣಿನ ಚರ್ಮ ಹೋಯಿತು. ದಪ್ಪ ನಾಲ್ಕು ಮಿಲಿಮೀಟರ್, ಕರಾರುವಾಕ್ಕು. ವಹಿಯಲ್ಲಿ ಬರೆದ. ಅಪರಾತ್ರಿಯಲ್ಲಿ ಗಾಡಿ ಶುರು ಮಾಡಿ ಓಣಿಯ ನಿದ್ದೆ ಕೆಡಿಸುವುದು ಬೇಡವೆಂದು ಕೀಯನ್ನು ವೈಸಿನಲ್ಲೇ ಬಿಟ್ಟು, ಬೀಗ ಹಾಕಿ ಮಲಗಿದ.

ಬೆಳಿಗ್ಗೆ ನೋಡಿದರೆ ಕೀ ಕೆಟ್ಟಿತ್ತು. ಒಂದು ಮಗ್ಗುಲನ್ನು ಯಾರೋ ಅರ್ಧದವರೆಗೆ ಉಜ್ಜಿ ಸಣ್ಣ ಮೆಟ್ಟಿಲಿನಂತೆ ಮಾಡಿದ್ದರು.

"ಶೆಡ್ಡಿನಾಗ ಯಾರ ಬಂದಿದ್ರವ್ವಾ?"

"ಬೀಗದ ಕೈ ನಿನ್ನ ಉಡದಾರದಾಗೇ ಅದ," ಎಂದಳು ಅವನ ತಾಯಿ ಶಿವಕಾಂತಮ್ಮ. "ಯಾರ ಬರ್ತಾರ?"

"ಹಂಗಾದ್ರ ಇದನ್ನ ತಿಕ್ಕಿದವರು ಯಾರು?"

"ಇಲಿ ತಿಂದದ ಅಂತ ಬರಕೋ ನಿನ್ನ ವಹಿದಾಗ. ಎಲ್ಲಾ ಬರೀತಿಯಲ್ಲ."

ಮಧ್ಯಾಹ್ನ ಕೆಲಸಕ್ಕೆ ಹೋಗುವಾಗ ಆ ಕೀಯನ್ನು ಬಾವಿಗೆ ಎಸೆದ. ಬಾವಿಯೊಳಗಿಂದ ಕಾನಸಿನ ಸಪ್ಪಳ ಕೇಳಿದ್ದು ಅದೇ ರಾತ್ರಿ.

ಆ ರಾತ್ರಿ ಎರಡನೆಯದು ಮಾಡಿದ. ಶೆಡ್ಡಿಗೆ ಎರಡು ಬೀಗ ಹಾಕಿದ. ಶುಕ್ರವಾರ ಬೆಳಿಗ್ಗೆ ಎರಡೂ ಬೀಗ ಹಾಕಿದಂತೆಯೇ ಇದ್ದವು. ಕೀಯಲ್ಲಿ ಅದೇ ಮೆಟ್ಟಿಲು. ಈ ಸಲ ಭೂತಗನ್ನಡಿ ಹಿಡಿದು ನೋಡಿದ. ಬಲಗೈಯವನು ಕಾನಸು ಹಿಡಿದರೆ ಲೋಹದ ಮೇಲೆ ಗೆರೆ ಬಲಕ್ಕೆ ವಾಲುತ್ತವೆ. ಅವನ ಗೆರೆಗಳು ಹಾಗೆಯೇ ಇದ್ದವು. ಮೆಟ್ಟಿಲಿನ ಮೇಲಿನವು ಎಡಕ್ಕೆ ವಾಲಿದ್ದವು.

ಮನೆಯಲ್ಲಿ ಎಡಗೈಯವರು ಯಾರೂ ಇಲ್ಲ.

ಅದನ್ನೂ ಬಾವಿಗೆ ಎಸೆದ. "ತಗೋ! ಇದನ್ನೂ ತಿನ್ನು!" ಎಂದು ಕೂಗಿಯೂ ಬಿಟ್ಟ. ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರು ನಿಂತು ನೋಡಿದರು.

ಶುಕ್ರವಾರ ರಾತ್ರಿ ಮೂರನೆಯದು. ಕೊನೆಯ ಉಕ್ಕು. ಅದನ್ನು ವೈಸಿನಲ್ಲಿ ಬಿಡಲಿಲ್ಲ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಲಗಿದ. ಬೆಳಿಗ್ಗೆ ಕೀ ಇದ್ದ ಹಾಗೇ ಇತ್ತು. ಶನಿವಾರ ರಜೆ. ಇಡೀ ದಿನ ಕೂತು ಚಕ್ರ ಜೋಡಿಸಿದ. ಕತ್ತಲಾಗುವ ಹೊತ್ತಿಗೆ ಗಾಡಿ ನಿಲ್ಲಿಸಿ ಕಿಕ್ ಹೊಡೆದ.

ಧಡ್!

ಕಿಕ್ಕಿನ ಸಲಾಕೆ ತಿರುಗಿ ಅವನ ಮೊಣಕಾಲ ಕೆಳಗೆ ಹೊಡೆಯಿತು. ಚಕ್ರದೊಳಗೆ ಕಟ್ ಎಂದಿತು. ಬಿಚ್ಚಿ ನೋಡಿದರೆ ಕೀ ಎರಡು ಹೋಳು.

ಅವನು ಕೈಯಲ್ಲಿದ್ದ, ನಟ್ಟು ಬಿಗಿಯುವ ಪಾನಾವನ್ನು ಗೋಡೆಗೆ ಎಸೆದ. ತಗಡಿನಲ್ಲಿ ತೂತು ಬಿತ್ತು. ತಾಯಿ ಬಂದು ಬಾಗಿಲಲ್ಲಿ ನಿಂತು, ತೂತು ನೋಡಿ ಹೋದಳು. ಆಕೆ ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ಹನ್ನೊಂದಕ್ಕೆ ಕುಂಟುತ್ತಾ ಅಖ್ತರ ಬೇಗಂ ಮನೆಗೆ ಹೋದ. ಆಕೆ ಕಟ್ಟೆಯ ಮೇಲೆ ಎಚ್ಚರವಾಗಿ ಕೂತಿದ್ದರು. ಗಂಟುಮೂಟೆ ಕಟ್ಟಿತ್ತು. ಕರೆದೊಯ್ಯಲು ಬಂದ ಮಗಳು ಫಿರ್ದೋಸ್ ಒಳಗೆ ಮಲಗಿದ್ದಳು. ಇಬ್ಬರೂ ಪಿಸುಮಾತಿನಲ್ಲೇ ಮಾತಾಡಿದರು.

"ಖಾಲಾ… ಆಗಲಿಲ್ಲ."

"ಕಾಲಿಗೇನಾಯ್ತು?"

"ಗಾಡಿ ಒದೀತು."

ಆಕೆ ಮೆಲ್ಲಗೆ ನಕ್ಕರು. "ಅವರಿಗೂ ಒದೀತಿತ್ತು. ಛೀಣಿ ಜಾರಿದ ಮ್ಯಾಲ."

"ಎಂಥಾ ಛೀಣಿ?"

"ಚಕ್ರದಾಗ ಕೀ ಕೂಡೂ ಕಚ್ಚು ಸವದಿತ್ತು. ಹೊಸಾದು ಹೊಡೀತೀನಿ ಅಂತ ಛೀಣಿ ಸುತ್ತಿಗಿ ಹಿಡದು ಕುಂತ್ರು. ಛೀಣಿ ಜಾರಿ ಸೊಟ್ಟ ಆಯ್ತು. ಅವತ್ತ ಉಣ್ಣಲಿಲ್ಲ ಬೇಟಾ. ಯಾರ ಮುಂದೂ ಅನಬ್ಯಾಡ ಅಂದ್ರು, ಫಿಟ್ಟರ್ ಕೈ ಜಾರೀತು ಅಂದ್ರ ನಗ್ತಾರ ಅಂತ. ಆಮ್ಯಾಲ ಆ ಸೊಟ್ಟಕ್ಕ ಸರಿಯಾಗಿ ಮೆಟ್ಟಲದ್ದೊಂದು ಕೀ ಮಾಡ್ಕೊಂಡ್ರು."

ಸಿದ್ದಲಿಂಗೇಶನಿಗೆ ಎಡಕ್ಕೆ ವಾಲಿದ ಗೆರೆಗಳು ನೆನಪಾದವು.

"ಖಾಲಾ… ಚಾಚಾ ಎಡಗೈಯವರೇನು?"

"ಊಟ ಬಲಗೈಲೆ. ಕಾನಸು ಎಡಗೈಲೆ. ಯಾಕ?"

"ಏನಿಲ್ಲ."

"ಕೆಲಸ ಮುಗದ ಸಾಮಾನು ಬಾವಿ ನೀರಾಗ ತೊಳದೇ ಕೊಡ್ತಿದ್ರು," ಎಂದರು ಆಕೆ, ತಮಗೆ ತಾವೇ. "ಎಣ್ಣಿ ಹತ್ತಿದ್ದು ಒಂದೂ ಯಾರ ಕೈಗೂ ಕೊಟ್ಟವರಲ್ಲ…"

ಅವನು ಎದ್ದು ಬಾವಿಗೆ ಹೋದ. ಮೊಬೈಲ್ ಬೆಳಕಿಗೆ ನೀರು ಕಪ್ಪಗೆ ಹೊಳೆಯಿತು. ಮೂವತ್ತು ಅಡಿ ಆಳದಲ್ಲಿ ಎರಡು ಕೀ. ಎರಡೂ ಸರಿಯಾದವು. ಎರಡನ್ನೂ ಅಳತೆ ತಪ್ಪಿದೆ ಎಂದು ತಾನೇ ಎಸೆದದ್ದು. ಉಕ್ಕು ಮುಗಿದಿದೆ, ಅಂಗಡಿ ಮುಚ್ಚಿವೆ, ಬೆಳಗಾಗುವ ಮೊದಲೇ ರೈಲು. ಕಟ್ಟೆಯ ಮೇಲೆ ಕೂತು ಹಣೆ ಹಣೆ ಬಡಿದುಕೊಂಡ.

ಖರ್… ಖರ್… ಖರ್…

ಟಣ್.

ಈ ಸಲ ಬಾವಿಯಿಂದಲ್ಲ. ಹಿಂದಿನಿಂದ… ಅವನ ಮನೆಯ ಕಡೆಯಿಂದ.

ನಡೆದುಕೊಂಡೇ ಹೋದ. ಏಟು ಬಿದ್ದ ಕಾಲಿನಲ್ಲಿ ಓಡಲು ಆಗಲಿಲ್ಲ. ಶೆಡ್ಡಿನ ಹತ್ತಿರ ಬಂದಂತೆ ಸಪ್ಪಳ ಜೋರಾಯಿತು. ಬೀಗಕ್ಕೆ ಕೈ ಹಾಕಿದ ಕೂಡಲೇ ನಿಂತಿತು. ಎರಡೂ ಬೀಗ ಹಾಕಿದಂತೆಯೇ ಇದ್ದವು. ಎರಡನ್ನೂ ತೆಗೆದ. ಬಾಗಿಲು ಕಿರ್ರೆಂದಿತು.

ಒಳಗೆ ಯಾರೂ ಇಲ್ಲ.

ಬೆಳಿಗ್ಗೆ ತಾನು ತೆರೆದಿಟ್ಟಿದ್ದ ವೈಸು ಮುಚ್ಚಿತ್ತು. ಅದರ ಬಾಯಲ್ಲಿ ಒಂದು ಕೀ. ಒಂದು ಮಗ್ಗುಲಲ್ಲಿ ಮೆಟ್ಟಿಲು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್… ಟಪ್… ಉಕ್ಕಿನ ಪುಡಿ ವೈಸಿನ ಎಡಗಡೆ ಬಿದ್ದಿತ್ತು.

ಅಳೆಯಲಿಲ್ಲ ಅವನು. ಜೀವನದಲ್ಲಿ ಮೊದಲ ಸಲ. ಒರೆಸಿ, ದಂಡಕ್ಕೆ ಕೂರಿಸಿ, ಚಕ್ರ ಒತ್ತಿದ. ಬೆರಳಿನಿಂದ ಒತ್ತಿದರೇ ಕೂತಿತು. ಅಡ್ಡಾಡುವ ಜನ ಏಳುವ ಮೊದಲು ಎಲ್ಲ ಬಿಗಿದ. ಕಣ್ಣು ಮುಚ್ಚಿ, ನೋಯುವ ಕಾಲಿನಿಂದಲೇ ಕಿಕ್ ಹೊಡೆದ.

ಢಬ್… ಢಬ್ ಢಬ್ ಢಬ್ ಢಬ್…

ಒಂದೇ ಕಿಕ್ಕಿಗೆ.

ಗಾಡಿಯನ್ನು ಓಣಿಯ ಕೊನೆಗೆ ತಂದಾಗ ಅಖ್ತರ ಬೇಗಂ ತಮ್ಮ ಬಾಗಿಲಲ್ಲಿ ನಿಂತಿದ್ದರು. ಫಿರ್ದೋಸ್ ಗಂಟು ಹಿಡಿದಿದ್ದಳು. ಆಟೋ ಕಾಯುತ್ತಿತ್ತು. ಆಕೆ ಬಂದು ಟಾಂಕಿಯ ಮೇಲೆ ಅಂಗೈ ಇಟ್ಟರು.

"ಹೌದು. ಇದೇ."

ಆಮೇಲೆ ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು. "ಬಂದ್ ಮಾಡಪ್ಪಾ ಇನ್ನ. ಅವರೂ ಭಾಳ ದಿನದಿಂದ ಮಲಗಿಲ್ಲ."

ರಾತ್ರಿಯ ಸಪ್ಪಳದ ಬಗ್ಗೆ ಅವನು ಆಕೆಗೆ ಏನನ್ನೂ ಹೇಳಿರಲಿಲ್ಲ.

ಆ ಮೇಲೆ ಶೆಡ್ಡಿನಲ್ಲಾಗಲಿ ಬಾವಿಯಲ್ಲಾಗಲಿ ಸಪ್ಪಳ ಕೇಳಿಲ್ಲ. ಬೇಸಿಗೆಯಲ್ಲಿ ಬಾವಿ ಬತ್ತಿ ಓಣಿಯವರು ಹೂಳು ತೆಗೆಸಿದರು. ಆಗ ನಾನು ಸೇಡಂನಲ್ಲೇ ಇದ್ದೆ. ಬಾವಿಯಿಂದಲೇ ಆ ಕೀ ಎದ್ದು ಬಂದಿರಬೇಕೆಂದು ನಾನು ಅಂದುಕೊಂಡಿದ್ದೆ. ಸಿದ್ದಲಿಂಗೇಶ ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಕೆಸರಿನಲ್ಲಿ ಆಡಿಸಿದ. ಒಂದು ಸಿಕ್ಕಿತು. ಅರ್ಧ ಗಂಟೆ ಬಿಟ್ಟು ಇನ್ನೊಂದು. ತುಕ್ಕು ಹಿಡಿದಿದ್ದವು. ಕೆಸರು ಒರೆಸಿ ನೋಡಿದವನು ನಾನೇ. ಎರಡರಲ್ಲೂ ಮೆಟ್ಟಿಲು, ಎರಡರಲ್ಲೂ ಗೆರೆ ಎಡಕ್ಕೆ.

ಮೂರನೆಯದರ ಹೋಳುಗಳು ಅವನ ಡಬ್ಬಿಯಲ್ಲಿವೆ. ಅವನ್ನೂ ನೋಡಿದ್ದೇನೆ. ಅವನಲ್ಲಿದ್ದ ಉಕ್ಕು ಮೂರಕ್ಕೇ ಮುಗಿದಿತ್ತು, ವಹಿಯಲ್ಲಿ ಬರೆದಿಟ್ಟಿದ್ದಾನೆ. ಗಾಡಿಯೊಳಗೆ ಕೂತಿರುವುದು ನಾಲ್ಕನೆಯದು.

ಗಾಡಿ ಮಾತ್ರ ಇವತ್ತಿಗೂ ಓಡುತ್ತಿದೆ.