ಒಂಬತ್ತು ಕೀಲಿಕೈ

ಬರ ಬಿದ್ದು ಔರಾದ ಸೀಮೆಯ ಜನ ಹೈದರಾಬಾದಿಗೆ ದುಡಿಯಲು ಹೋಗಿದ್ದ ವರ್ಷವದು. ಭಾಲ್ಕಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಯುವಕನೊಬ್ಬ, ಬೀದರ ಕಚೇರಿಗೆ ಒಯ್ಯಲಿದ್ದ ತಮ್ಮ ಊರಿನ ನಳದ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಹಿರಿಯ ಹೆಂಗಸೊಬ್ಬಳಿಗೆ ತೋರಿಸುತ್ತಿದ್ದನು.

“ಕೀಲಿ ಹಾಕಿದ ಮನಿ ಎಲ್ಲಿ ಅವ, ಮೋಶೆ?”

“ಕೆಂಪು ಬಣ್ಣದಾಗ ಅವರಿ, ಕೇಶರಬಾಯಕ್ಕಾ.”

ಆಕೆ ಸೆರಗಿನ ಗಂಟು ಬಿಚ್ಚಿ, ಊರು ಬಿಟ್ಟವರು ಒಪ್ಪಿಸಿ ಹೋದ ಕೀಲಿಕೈಗಳನ್ನು ಬೆಂಚಿನ ಮೇಲಿಟ್ಟು ಎಣಿಸಿದಳು.

“ಕೀಲಿಕೈ ಒಂಬತ್ತು, ನಿನ್ನ ಮನಿ ಎಂಟು. ಯಾರ ಮನಿ ನುಂಗಿದಿ?”

ನಾನೂ ಎಣಿಸಿದೆನು. ಆಕೆಯ ಲೆಕ್ಕ ಸರಿಯಿತ್ತು.

“ನುಂಗಿಲ್ರಿ. ಸಸ್ತಾ ಸಾಫ್ಟ್‌ವೇರ್ ಅದ, ಹೊಸದಾಗಿ ಹಚ್ಚಿ ನೋಡ್ಲಿಕತ್ತೀನಿ. ಬಣ್ಣ ತುಂಬಿದಾಗ ನಡುವಿನ ಗೆರಿ ಮುಚ್ಚಿ, ಪಂಢರಿ, ಮಾಣಿಕ ಇಬ್ಬರ ಮನಿ ಒಂದಾಗ್ಯಾವ.”

“ಆ ಅಣ್ಣತಮ್ಮರು ಬಡದಾಡಿ ನಡುವ ಗ್ವಾಡಿ ಕಟ್ಟ್ಯಾರ. ಪಂಚರ ಕೈಲಿ ಆಗಲಾರದ್ದು ನಿನ್ನ ಸಸ್ತಾ ಮಷಿನ್ ಮಾಡ್ತದೇನು? ನಕ್ಷಿದಾಗ ಇಲ್ಲದ ಮನಿಗಿ ನಳ ಇಲ್ಲ ಅಂದಾಂವ ನೀನೇ.”

“ಈಗ ಗೆರಿ ಎಳದೀನ್ರಿ. ನೋಡ್ರಿ, ಒಂಬತ್ತು.”

“ಬೀದರ ಮುಟ್ಟೂತನ ಒಂಬತ್ತೇ ಇರ್ತಾವೇನು?”

“ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?”

“ಕೀಲಿಕೈ ಕೊಟ್ಟವರು ನನ್ನ ನಂಬಿ ಕೊಟ್ಟಾರ.”

ಆಕೆಯ ಊರಿನ ಕಡೆಗೆ ಹೋಗುವ ಔರಾದ ಬಸ್ ಬಂದು ಹೋಯಿತು. ಆಕೆ ಏಳಲಿಲ್ಲ. ಬೀದರ ಬಸ್ ಬಂದಾಗ ಕೀಲಿಕೈಗಳನ್ನು ಮುಷ್ಟಿಯಲ್ಲಿ ಹಿಡಿದು ಮೋಶೆಯ ಹಿಂದೆಯೇ ಹತ್ತಿದಳು.